ಮುಗಿಯದ ಕ್ವಿಲ್ಟ್ ಎಲ್ಲಿ ನಿಂತಿದೆ?

(ಕ್ವಿಲ್ಟ್ ಹೊಲಿಯುವವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಹೊಸಬರಿಗಾಗಿ ಒಂದು ಮಾತು: ಬಟ್ಟೆಯ ತುಂಡುಗಳನ್ನು ಜೋಡಿಸಿದ ಮೇಲ್ಪದರ, ನಡುವೆ ಮೆತ್ತನೆಯ ಹಾಸು (ಬ್ಯಾಟಿಂಗ್), ಅಡಿಯಲ್ಲಿ ಅಸ್ತರು, ಈ ಮೂರನ್ನೂ ಸೇರಿಸಿ ಹೊಲಿದು ಅಂಚಿಗೆ ಸುತ್ತ ಪಟ್ಟಿ (ಬೈಂಡಿಂಗ್) ಕೊಟ್ಟ ಹೊದಿಕೆಯೇ ಕ್ವಿಲ್ಟ್. ಮೇಲ್ಪದರದ ಒಂದೊಂದು ಚೌಕ ಒಂದೊಂದು ಬ್ಲಾಕು. ನಿಮ್ಮ ಕಪಾಟಿನಲ್ಲಿ ಮಡಚಿಟ್ಟಿರುವ ಅರ್ಧಂಬರ್ಧ ಕ್ವಿಲ್ಟುಗಳಲ್ಲಿ ಒಂದನ್ನು ಈಗ ನೆನಪಿಗೆ ತಂದುಕೊಳ್ಳಿ. ನಾಳೆ ಬೆಳಿಗ್ಗೆ ಅದನ್ನು ಹೊರಗೆ ತೆಗೆದರೆ ನೀವು ಮಾಡಬೇಕಾದ ಮೊಟ್ಟಮೊದಲ ಕೆಲಸ ಯಾವುದು? 'ಮುಗಿಸಬೇಕು' ಅಂದರೆ ಸಾಲದು. 'ಅಸ್ತರಿನ ಎರಡು ತುಂಡುಗಳನ್ನು ಜೋಡಿಸಬೇಕು', 'ಏಳನೇ ಬ್ಲಾಕಿನ ಮೂಲೆ ಬಿಚ್ಚಿ ಮತ್ತೆ ಹೊಲಿಯಬೇಕು', 'ಬೈಂಡಿಂಗಿಗೆ ಎಂಟು ಪಟ್ಟಿ ಕತ್ತರಿಸಬೇಕು' ಎಂಬಷ್ಟು ಸಣ್ಣದಾಗಿ ಹೇಳಬೇಕು. ಹೇಳಲು ಬಂದರೆ ಆ ಕ್ವಿಲ್ಟಿಗೆ ದಾರಿ ಇದೆ. ಬಾರದಿದ್ದರೆ ಅದು ನಿಂತಿರುವುದೇ ಅಲ್ಲಿ.

ಕ್ವಿಲ್ಟ್ ಅರ್ಧಕ್ಕೆ ನಿಂತರೆ ಸೋಮಾರಿತನವನ್ನೋ ಚಂಚಲ ಮನಸ್ಸನ್ನೋ ದೂರುವುದು ರೂಢಿ. ತೆಗೆದು ಹರಡಿ ನೋಡಿದರೆ ಬೇರೆಯೇ ಕಾಣುತ್ತದೆ. ಒಂದರಲ್ಲಿ ಬ್ಲಾಕುಗಳ ಅಳತೆ ತಪ್ಪಿದೆ. ಇನ್ನೊಂದಕ್ಕೆ ಬಟ್ಟೆ ಸಾಲದೆ ಬಂದಿದೆ. ಮತ್ತೊಂದನ್ನು ನೆಲದ ಮೇಲೆ ಹರಡಲು ಜಾಗ ಸಿಕ್ಕಿಲ್ಲ. ಪ್ರತಿಯೊಂದೂ ಗೊತ್ತಾದ ಒಂದು ಜಾಗದಲ್ಲಿ, ಗೊತ್ತಾದ ಒಂದು ಕಾರಣಕ್ಕೆ ನಿಂತಿರುತ್ತದೆ. ಆ ಕಾರಣ ಕೈಗೆ ಸಿಕ್ಕರೆ ಉಳಿದದ್ದು ಕಷ್ಟವಲ್ಲ.

ಹೊಸದನ್ನು ಶುರು ಮಾಡುವುದು ಸಲೀಸಾಗಿ ಕಾಣುವುದಕ್ಕೂ ಕಾರಣವಿದೆ. ಬಣ್ಣ ಆರಿಸುವುದು, ಕತ್ತರಿಸುವುದು, ಮೊದಲ ನಾಲ್ಕು ಬ್ಲಾಕು ಹೊಲಿಯುವುದು, ಎಲ್ಲವೂ ಮೇಜಿನ ಮುಂದೆ ಕೂತಲ್ಲೇ ಆಗುತ್ತವೆ, ಗಂಟೆಗೊಮ್ಮೆ ಕಣ್ಣಿಗೆ ಕಾಣುವ ಫಲವೂ ಸಿಗುತ್ತದೆ. ತಪ್ಪಾದರೆ ಹಾಳಾಗುವುದು ಅಂಗೈಯಗಲದ ಚೂರು. ಕೆಲಸ ಮುಂದೆ ಹೋದಂತೆಲ್ಲ ಇದು ತಿರುಗುಮುರುಗಾಗುತ್ತದೆ. ಮೂರು ಪದರ ಸೇರಿಸಿದ ಮೇಲೆ ಒಂದು ತಪ್ಪು ಹೊಲಿಗೆ ಇಡೀ ಮೇಲ್ಪದರದ ಮೇಲೆ ಕಾಣುತ್ತದೆ, ಬಿಚ್ಚುವುದಕ್ಕೆ ಹೊಲಿದದ್ದಕ್ಕಿಂತ ಹೆಚ್ಚು ಹೊತ್ತು ಬೇಕು. ಕೈ ತಾನಾಗಿ ಹೊಸ ಬಟ್ಟೆಯ ಕಡೆ ಹೋಗುವುದು ಈ ಭಯಕ್ಕೆ. ಆದ್ದರಿಂದ ಕೊನೆಯ ಹಂತಗಳನ್ನು ಆದಷ್ಟೂ ಮುಂಚಿತವಾಗಿ ಲೆಕ್ಕ ಹಾಕಿ, ಕತ್ತರಿಸಿ, ಸಿದ್ಧ ಮಾಡಿಟ್ಟುಕೊಳ್ಳುವುದರ ಮೇಲೆ ಇವತ್ತು ಹೆಚ್ಚು ಹೊತ್ತು ಕಳೆಯೋಣ.

ಮೊದಲು ಎಲ್ಲವನ್ನೂ ಹೊರಗೆ ತೆಗೆಯಿರಿ

ಒಂದು ದಿನ ಹೊಲಿಗೆ ಬೇಡ. ಇರುವ ಎಲ್ಲ ಅರ್ಧ ಕೆಲಸಗಳನ್ನೂ ಹೊರಗೆ ತೆಗೆದು, ಒಂದೊಂದಕ್ಕೂ ಒಂದು ಚೀಟಿ ಬರೆದು ಪಿನ್ನು ಮಾಡಿ. ಚೀಟಿಯಲ್ಲಿ ನಾಲ್ಕು ಸಂಗತಿ ಸಾಕು: ಯಾವ ಹಂತದಲ್ಲಿದೆ, ಮುಂದಿನ ಒಂದು ಕೆಲಸ ಯಾವುದು, ಏನು ಕಡಿಮೆ ಬಿದ್ದಿದೆ, ಯಾವ ಮಷಿನ್ನಿನಲ್ಲಿ ಯಾವ ಪ್ರೆಸರ್ ಫುಟ್ (ಬಟ್ಟೆಯನ್ನು ಒತ್ತಿ ಹಿಡಿಯುವ ಪಾದ) ಹಾಕಿ ಹೊಲಿದದ್ದು. ಕೊನೆಯದು ಸಣ್ಣ ವಿಷಯದಂತೆ ಕಾಣುತ್ತದೆ. ಆದರೆ ಒಂದು ಮಷಿನ್ನಿನ ಕಾಲು ಇಂಚಿನ ಮಾರ್ಜಿನ್ನಿಗೂ (ಹೊಲಿಗೆಯಿಂದ ಅಂಚಿನವರೆಗೆ ಬಿಡುವ ಬಟ್ಟೆ) ಇನ್ನೊಂದರದಕ್ಕೂ ಕೂದಲೆಳೆಯ ವ್ಯತ್ಯಾಸ ಇದ್ದೇ ಇರುತ್ತದೆ. ವರ್ಷ ಬಿಟ್ಟು ಬಂದು ಮಿಕ್ಕ ಬ್ಲಾಕುಗಳನ್ನು ಹೊಲಿದರೆ ಹಳೆಯವಕ್ಕೆ ಅವು ಕೂಡುವುದಿಲ್ಲ. ಹಳೆಯ ಕೆಲಸಕ್ಕೆ ಮರಳಿದಾಗ ಒಂದೇ ಒಂದು ಬ್ಲಾಕು ಹೊಲಿದು, ಇಸ್ತ್ರಿ ಮಾಡಿ, ಹಳೆಯದರ ಮೇಲಿಟ್ಟು ನೋಡಿ. ಅಂಚುಗಳು ಸರಿಯಾಗಿ ಕೂತರೆ ಮಾತ್ರ ಮುಂದುವರಿಯಿರಿ.

ಬಹಳ ದಿನ ಮಡಚಿಟ್ಟ ಕೆಲಸದಲ್ಲಿ ಹಾನಿಯೂ ಆಗಿರಬಹುದು. ಪದರಗಳ ನಡುವೆ ಬಿಟ್ಟ ಪಿನ್ನುಗಳು ತೇವಕ್ಕೆ ತುಕ್ಕು ಹಿಡಿದು ಬಟ್ಟೆಯಲ್ಲಿ ಕಂದು ಚುಕ್ಕೆ ಬಿಡುತ್ತವೆ. ಈಗಲೇ ಹೊಲಿಯದಿದ್ದರೂ ಪರವಾಗಿಲ್ಲ, ಅವನ್ನು ತೆಗೆದು ದಾರದ ಕಚ್ಚಾ ಹೊಲಿಗೆ ಹಾಕಿಡಿ. ನೀರಿಗೆ ಹೋಗುವ ನೀಲಿ ಪೆನ್ನಿನ ಗುರುತು ಇದ್ದರೆ ಅದರ ಮೇಲೆ ಇಸ್ತ್ರಿ ಆಡಿಸಬೇಡಿ. ಬಿಸಿ ತಾಗಿದರೆ ಆ ಬಣ್ಣ ಬಟ್ಟೆಯಲ್ಲಿ ಕೂತುಬಿಡುತ್ತದೆ. ಮೊದಲು ಬರೀ ತಣ್ಣೀರು, ಸೋಪು ಆಮೇಲೆ. ಬಿಸಿಗೆ ಮಾಯವಾಗುವ ಪೆನ್ನಿನದು ಇದಕ್ಕೆ ತದ್ವಿರುದ್ಧ ಸ್ವಭಾವ. ಇಸ್ತ್ರಿ ತಾಗಿದರೆ ಗೆರೆ ಕಾಣೆಯಾಗುತ್ತದೆ, ಚಳಿ ಹೆಚ್ಚಾದರೆ ಮತ್ತೆ ಮೂಡಬಹುದು. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇದ್ದ ಬಟ್ಟೆ ಆ ಗೆರೆಯಲ್ಲಿ ಸವೆಯುತ್ತದೆ, ಬೆಳಕು ಬಿದ್ದ ಕಡೆ ಮಾಸುತ್ತದೆ. ಬಿಡಿಸಿ, ಬೇರೆ ದಿಕ್ಕಿಗೆ ಮಡಚಿಡಿ. ದೊಡ್ಡ ಮೇಲ್ಪದರವಾದರೆ ಸುತ್ತಿಡುವುದೇ ಒಳ್ಳೆಯದು.

ಅಳತೆ ಕೂಡದ ಬ್ಲಾಕುಗಳು

ಬ್ಲಾಕುಗಳ ಹಂತದಲ್ಲೇ ನಿಂತ ಕೆಲಸಗಳಲ್ಲಿ ತೊಂದರೆ ಹೆಚ್ಚಾಗಿ ಮಾರ್ಜಿನ್ನಿನದು. ಲೆಕ್ಕ ನೋಡಿ. ಒಂದು ಸಾಲಿನಲ್ಲಿ ಎಂಟು ಚೌಕಗಳಿದ್ದರೆ ಏಳು ಜೋಡಣೆ. ಪ್ರತಿ ಜೋಡಣೆಯಲ್ಲಿ ಎರಡೂ ಬದಿಗೆ 1/32 ಇಂಚು ಹೆಚ್ಚು ಹೋಯಿತೆಂದರೆ ಜೋಡಣೆಗೆ 1/16 ಇಂಚು. ಏಳಕ್ಕೆ ಸೇರಿ 7/16 ಇಂಚು, ಹತ್ತಿರಹತ್ತಿರ ಅರ್ಧ ಇಂಚು! 1/32 ಇಂಚು ಎಂದರೆ ಒಂದೆರಡು ಎಳೆ ದಾರದ ದಪ್ಪ. ಬಟ್ಟೆ ಮಡಚಿಕೊಳ್ಳುವಾಗ ಮಡಿಕೆಯೇ ಅಷ್ಟನ್ನು ತಿನ್ನುತ್ತದೆ. ಅದಕ್ಕೇ ಕಾಲು ಇಂಚಿಗಿಂತ ಒಂದೆರಡು ಎಳೆ ಕಡಿಮೆ ಮಾರ್ಜಿನ್ ಬಿಟ್ಟು ಹೊಲಿಯಬೇಕು ಅನ್ನುವುದು. ಪರೀಕ್ಷೆ ಸುಲಭ: 1.5 ಇಂಚು ಅಗಲದ ಮೂರು ಪಟ್ಟಿಗಳನ್ನು ಪಕ್ಕಪಕ್ಕಕ್ಕೆ ಹೊಲಿದು ಇಸ್ತ್ರಿ ಮಾಡಿ. ನಡುವಿನ ಪಟ್ಟಿ ಸರಿಯಾಗಿ 1 ಇಂಚು, ಒಟ್ಟು ಅಗಲ 3.5 ಇಂಚು ಬರಬೇಕು. ಬರದಿದ್ದರೆ ಸೂಜಿಯನ್ನು ಒಂದು ಹೆಜ್ಜೆ ಸರಿಸಿ ಮತ್ತೆ ನೋಡಿ.

ಈಗಾಗಲೇ ಹೊಲಿದಾಗಿರುವುದನ್ನು ಏನು ಮಾಡುವುದು? 12.5 ಇಂಚು ಇರಬೇಕಾದ ಬ್ಲಾಕುಗಳು 12 1/8ರಿಂದ 12.5ರವರೆಗೆ ಬಂದಿವೆ ಅಂದುಕೊಳ್ಳಿ. ಎಲ್ಲವನ್ನೂ ಚಿಕ್ಕದರ ಅಳತೆಗೆ ಕತ್ತರಿಸಿದರೆ ನಕ್ಷತ್ರಗಳ ತುದಿ ಹಾರಿಹೋಗುತ್ತದೆ. ಬಿಚ್ಚುವ ಬದಲು ಪ್ರತಿಯೊಂದಕ್ಕೂ ನಾಲ್ಕು ಸುತ್ತ 1.5 ಇಂಚಿನ ಪಟ್ಟಿ ಹೊಲಿಯಿರಿ. ಪಟ್ಟಿಗಳು ಸೇರಿದರೆ, ಮಾರ್ಜಿನ್ ಕಳೆದು, ಅಳತೆಗೆ 2 ಇಂಚು ಕೂಡುತ್ತದೆ. ಚಿಕ್ಕ ಬ್ಲಾಕು 14 1/8, ದೊಡ್ಡದು 14.5. ಬ್ಲಾಕನ್ನು ನಡುವಿಗಿಟ್ಟುಕೊಂಡು ಎಲ್ಲವನ್ನೂ 14 ಇಂಚಿಗೆ ಕತ್ತರಿಸಿದರೆ ಆಯಿತು. ಚೌಕಟ್ಟಿನ ಅಗಲದಲ್ಲಿ ಆಗುವ ಕೂದಲೆಳೆಯ ಏರುಪೇರು ಯಾರ ಕಣ್ಣಿಗೂ ಬೀಳುವುದಿಲ್ಲ. ಮೊಂಡಾದ ನಕ್ಷತ್ರದ ತುದಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಅಳತೆ ಒಂದೇ ಆಗಿದ್ದರೆ ಎಷ್ಟು ಕೈಗಳ ಕೆಲಸ ಬೇಕಾದರೂ ಒಂದಾಗಬಲ್ಲದು. 1987ರಲ್ಲಿ ಅಮೆರಿಕದಲ್ಲಿ ಶುರುವಾದ ಏಡ್ಸ್ ಸ್ಮಾರಕ ಕ್ವಿಲ್ಟಿನಲ್ಲಿ ಪ್ರತಿ ಫಲಕವೂ 3 ಅಡಿಗೆ 6 ಅಡಿ. ಅಂಥ ಎಂಟು ಫಲಕ ಸೇರಿ 12 ಅಡಿಯ ಒಂದು ಚೌಕ. ಒಬ್ಬರನ್ನೊಬ್ಬರು ನೋಡಿರದ ಸಾವಿರಾರು ಜನರ ಹೊಲಿಗೆ ಹೀಗೆ ಕೂಡಿಕೊಂಡಿತು.

ಬಟ್ಟೆ ಮುಗಿದುಹೋಗಿ ನಿಂತಿದ್ದರೆ ಅದೇ ಬಟ್ಟೆಗಾಗಿ ಹುಡುಕುತ್ತಾ ಕೂರಬೇಡಿ. ಬದಲಿ ಬಟ್ಟೆಯಲ್ಲಿ ನೋಡಬೇಕಾದದ್ದು ಬಣ್ಣಕ್ಕಿಂತ ಮುಖ್ಯವಾಗಿ ಅದರ ಗಾಢತೆ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಫೋನಿನಲ್ಲಿ ಕಪ್ಪುಬಿಳುಪು ಚಿತ್ರ ತೆಗೆಯಿರಿ. ಎರಡೂ ಒಂದೇ ಬೂದು ಬಣ್ಣದಲ್ಲಿ ಕಂಡರೆ ಧೈರ್ಯವಾಗಿ ಬಳಸಬಹುದು. ಆದರೆ ಬದಲಿ ಬಟ್ಟೆಯನ್ನು ಒಂದೇ ಮೂಲೆಗೆ ಹಾಕಬೇಡಿ. ಒಂದು ಕಡೆ ಇದ್ದರೆ ತಪ್ಪಿನಂತೆ ಕಾಣುತ್ತದೆ, ಐದಾರು ಕಡೆ ಚೆದುರಿದರೆ ಬೇಕೆಂದೇ ಮಾಡಿದಂತೆ ಕಾಣುತ್ತದೆ.

ಇನ್ನೊಂದು ದಾರಿ ಕ್ವಿಲ್ಟನ್ನು ಚಿಕ್ಕದು ಮಾಡುವುದು. ಮಂಚದಗಲಕ್ಕೆಂದು 30 ಬ್ಲಾಕು ಯೋಚಿಸಿ 12ಕ್ಕೆ ನಿಂತಿದ್ದರೆ, ಅದು 12 ಬ್ಲಾಕಿನ ಕ್ವಿಲ್ಟ್ ಎಂದು ಇವತ್ತೇ ತೀರ್ಮಾನಿಸಬಹುದು. ಹೊಲಿದ ಮೇಲೆ 12 ಇಂಚು ಬರುವ ಬ್ಲಾಕುಗಳನ್ನು ಮೂರಕ್ಕೆ ನಾಲ್ಕರಂತೆ ಇಟ್ಟು, ನಡುವೆ ಮತ್ತು ಸುತ್ತ 2 ಇಂಚಿನ ಪಟ್ಟಿ ಕೊಟ್ಟರೆ 44ಕ್ಕೆ 58 ಇಂಚು. ಕೂತು ಹೊದೆಯಲು ಹದವಾದ ಅಳತೆ. ಈ ತೀರ್ಮಾನಕ್ಕೆ ಮನಸ್ಸು ಒಪ್ಪುವುದು ಕಷ್ಟವೆಂದು ಗೊತ್ತು. ಆದರೂ ಮಿಕ್ಕ 18 ಬ್ಲಾಕುಗಳ ಮೇಲಿನ ಆಸೆ ಆಗಿರುವ 12ನ್ನೂ ಕಪಾಟಿನಲ್ಲೇ ಇಡುತ್ತದೆ.

ಬಾರ್ಡರಿನ ಅಲೆ

ಇದರ ಬಗ್ಗೆ ಚಿಕ್ಕದಾಗಿ ಹೇಳುತ್ತೇವೆ. ಉದ್ದ ಪಟ್ಟಿಯನ್ನು ಹಾಗೇ ಅಂಚಿಗಿಟ್ಟು ಹೊಲಿದು, ಕೊನೆಯಲ್ಲಿ ಮಿಕ್ಕದ್ದನ್ನು ಕತ್ತರಿಸಿದರೆ ಬಾರ್ಡರು ಅಲೆಅಲೆಯಾಗುತ್ತದೆ. ಕೈಯಾಡಿ ಹಿಗ್ಗಿದ ಅಂಚಿನ ಉದ್ದವನ್ನೇ ಪಟ್ಟಿಯೂ ಪಡೆಯುತ್ತದೆ, ಅದೇ ಕಾರಣ. ಮೇಲ್ಪದರವನ್ನು ನಡುವಿನಲ್ಲಿ ಒಮ್ಮೆ, ಎರಡು ಬದಿಗಳಿಂದ ತುಸು ಒಳಗೆ ಒಂದೊಂದು ಸಲ ಅಳೆದು ಸರಾಸರಿ ತೆಗೆಯಿರಿ. ಎರಡೂ ಬದಿಯ ಪಟ್ಟಿಗಳನ್ನು ಆ ಒಂದೇ ಅಳತೆಗೆ ಕತ್ತರಿಸಿ, ಅರ್ಧಕ್ಕೂ ಕಾಲುಭಾಗಗಳಿಗೂ ಪಿನ್ನು ಮಾಡಿ ಹೊಲಿಯಿರಿ. ಎರಡರಲ್ಲಿ ಉದ್ದ ತುಸು ಹೆಚ್ಚಿರುವುದು ಅಡಿಯಲ್ಲಿರಲಿ. ಮಷಿನ್ನಿನ ಹಲ್ಲುಗಳು ಕೆಳಗಿನ ಬಟ್ಟೆಯನ್ನು ಹೆಚ್ಚು ಎಳೆದುಕೊಳ್ಳುವುದರಿಂದ ಆ ಹೆಚ್ಚಿನ ಉದ್ದ ಅದರಲ್ಲೇ ಕರಗುತ್ತದೆ.

ಮೂರು ಪದರ

ಅರ್ಧಕ್ಕೆ ನಿಲ್ಲುವ ಜಾಗಗಳಲ್ಲಿ ನಮ್ಮ ಲೆಕ್ಕಕ್ಕೆ ಎಲ್ಲಕ್ಕಿಂತ ಗಟ್ಟಿಯಾದದ್ದು ಇದು. ಮೇಲ್ಪದರ ಮುಗಿದಿದೆ, ನೋಡಲು ಚೆಂದವಾಗಿಯೂ ಇದೆ, ಮುಗಿಸಿದ ತೃಪ್ತಿಯ ಅರ್ಧ ಪಾಲು ಆಗಲೇ ಸಿಕ್ಕಿಬಿಟ್ಟಿದೆ. ಮುಂದೆ ಕಾದಿರುವುದು ಅಸ್ತರಿಗೆ ಬಟ್ಟೆ ಹೊಂದಿಸುವುದು, ನೆಲ ಖಾಲಿ ಮಾಡುವುದು, ಮೊಣಕಾಲೂರಿ ನೂರಾರು ಪಿನ್ನು ಚುಚ್ಚುವುದು.

ಅಸ್ತರಿನಿಂದ ಶುರು ಮಾಡೋಣ. 60ಕ್ಕೆ 72 ಇಂಚಿನ ಮೇಲ್ಪದರ ಎಂದಿಟ್ಟುಕೊಳ್ಳಿ. ನಾಲ್ಕೂ ಕಡೆ 4 ಇಂಚು ಹೆಚ್ಚು ಬೇಕು. ಹೊಲಿಯುವಾಗ ಪದರಗಳು ಸರಿದು ಕುಗ್ಗುವುದಕ್ಕೆ ಆ ಮಿಗುತೆ. ಹಾಗಾಗಿ ಅಸ್ತರು 68ಕ್ಕೆ 80. ಕಿನಾರಿ ತೆಗೆದ ಮೇಲೆ ಬಟ್ಟೆಯ ಅಗಲ 42 ಇಂಚು ಇದ್ದರೆ ಒಂದೇ ತುಂಡು ಸಾಲದು, ಎರಡನ್ನು ಜೋಡಿಸಬೇಕು. ಜೋಡಣೆ ಉದ್ದಕ್ಕೆ ಬರುವಂತೆ ಮಾಡಿದರೆ 80 ಇಂಚಿನ ಎರಡು ತುಂಡು, ಒಟ್ಟು 160 ಇಂಚು ಬಟ್ಟೆ. ಜೋಡಣೆ ಅಡ್ಡಕ್ಕೆ ಬರುವಂತೆ ಮಾಡಿದರೆ 68 ಇಂಚಿನ ಎರಡು ತುಂಡು, ಒಟ್ಟು 136 ಇಂಚು. ಅರ್ಧ ಇಂಚಿನ ಮಾರ್ಜಿನ್ ಹೋದರೂ 83 ಇಂಚು ಉಳಿಯುತ್ತದೆ, ನಮಗೆ ಬೇಕಾದ್ದು 80. ಬರೀ ತಿರುಗಿಸಿಟ್ಟದ್ದಕ್ಕೆ 24 ಇಂಚು ಬಟ್ಟೆ ಮಿಕ್ಕಿತು. ಕಿನಾರಿಯನ್ನು ಮಾತ್ರ ಕತ್ತರಿಸದೆ ಬಿಡಬೇಡಿ. ಅದರ ನೇಯ್ಗೆ ಬಿಗಿ. ಒಗೆದಾಗ ಉಳಿದ ಬಟ್ಟೆಗಿಂತ ಬೇರೆ ರೀತಿ ಕುಗ್ಗಿ ಜೋಡಣೆಯುದ್ದಕ್ಕೂ ಸುಕ್ಕು ಹಿಡಿಯುತ್ತದೆ.

ಬ್ಯಾಟಿಂಗನ್ನು ಪೊಟ್ಟಣದಿಂದ ಹಿಂದಿನ ದಿನವೇ ತೆಗೆದು ಹರಡಿಡಿ, ಮಡಿಕೆಗಳು ಸಡಿಲಾಗುತ್ತವೆ. ಪೊಟ್ಟಣದ ಮೇಲೆ ಹೊಲಿಗೆಗಳ ನಡುವೆ ಹೆಚ್ಚೆಂದರೆ ಎಷ್ಟು ಅಂತರ ಬಿಡಬಹುದೆಂದು ಬರೆದಿರುತ್ತದೆ. ಆ ಅಂಕಿಯನ್ನು ಚೀಟಿಗೆ ಬರೆದುಕೊಂಡೇ ಪೊಟ್ಟಣ ಎಸೆಯಿರಿ. ಮುಂದಿನ ಹಂತದ ಅರ್ಧ ಲೆಕ್ಕ ಅದರ ಮೇಲೆಯೇ ನಿಂತಿದೆ.

ಇನ್ನು ಹರಡುವುದು. ಅಸ್ತರನ್ನು ಇಸ್ತ್ರಿ ಮಾಡಿ, ಒಳಮೈ ಮೇಲಾಗಿ ನೆಲಕ್ಕೆ ಹಾಸಿ. ಮಾಸ್ಕಿಂಗ್ ಟೇಪನ್ನು ಮೊದಲು ನಾಲ್ಕೂ ಬದಿಗಳ ನಡುಮಧ್ಯಕ್ಕೆ, ಆಮೇಲೆ ಮೂಲೆಗಳಿಗೆ, ಕೊನೆಗೆ ಉಳಿದ ಕಡೆ ಹಚ್ಚಿ. ಸುಕ್ಕು ಹೋಗುವಷ್ಟು ಬಿಗಿ ಇರಬೇಕು, ಬಟ್ಟೆ ಹಿಗ್ಗಬಾರದು. ಹಿಗ್ಗಿಸಿ ಅಂಟಿಸಿದ ಅಸ್ತರು ಟೇಪು ಕಿತ್ತ ಕೂಡಲೇ ತನ್ನ ಅಳತೆಗೆ ಮರಳುತ್ತದೆ, ಮೇಲಿನ ಎರಡು ಪದರ ಗುಳ್ಳೆಯಂತೆ ಏಳುತ್ತವೆ. ಅದರ ಮೇಲೆ ಬ್ಯಾಟಿಂಗ್, ಅದರ ಮೇಲೆ ಮೇಲ್ಪದರ. ಪ್ರತಿ ಪದರವನ್ನೂ ನಡುವಿನಿಂದ ಹೊರಕ್ಕೆ ಅಂಗೈಯಿಂದ ನೇವರಿಸಿ. ಪಿನ್ನೂ ನಡುವಿನಿಂದಲೇ ಶುರುವಾಗಿ ಹೊರಗೆ ಹೋಗಲಿ, 4 ಇಂಚಿಗೊಂದರಂತೆ. ಮುಷ್ಟಿ ಹಿಡಿದು ಎಲ್ಲಿಟ್ಟರೂ ಅಡಿಯಲ್ಲಿ ಒಂದು ಪಿನ್ನು ತಾಗಬೇಕು. 60ಕ್ಕೆ 72 ಇಂಚಿಗೆ ಹೀಗೆ 15 ಸಾಲು, ಸಾಲಿಗೆ 18, ಒಟ್ಟು 270 ಪಿನ್ನು. ಮನೆಯಲ್ಲಿ 100 ಇಟ್ಟುಕೊಂಡು ಕೂತರೆ ಅಂತರ ದೂರವಾಗುತ್ತಾ ಹೋಗುತ್ತದೆ, ನೆರಿಗೆ ಬೀಳುವುದು ಅಂಥ ಕಡೆಯೇ. ಪಿನ್ನು ಸಾಲದಿದ್ದರೆ ಉಳಿದ ಭಾಗಕ್ಕೆ ದಾರದಿಂದ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ, ಸಾಲಿನಿಂದ ಸಾಲಿಗೆ ಅದೇ 4 ಇಂಚು.

ನೆಲದಲ್ಲಿ ಜಾಗವಿಲ್ಲ, ಅಥವಾ ಮೊಣಕಾಲು ಕೇಳುವುದಿಲ್ಲ ಅನ್ನುವವರು ಊಟದ ಮೇಜಿನ ಮೇಲೆಯೇ ಮಾಡಬಹುದು. ಮೇಜಿನ ನಟ್ಟನಡುವೆ ಒಂದು ಟೂತ್‌ಪಿಕ್ಕನ್ನು ಟೇಪು ಹಾಕಿ ಅಂಟಿಸಿ, ನಾಲ್ಕು ಅಂಚುಗಳ ಮಧ್ಯಕ್ಕೂ ಒಂದೊಂದು. ಅಸ್ತರನ್ನು ನಾಲ್ಕಾಗಿ ಮಡಚಿ, ಮಡಿಕೆಯ ಮೂಲೆಯನ್ನು ನಡುವಿನ ಕಡ್ಡಿಗೆ ಹೊಂದಿಸಿ ಬಿಡಿಸಿ, ಮೇಜಿನ ಅಂಚಿಗೆ ಕ್ಲಿಪ್ಪು ಹಾಕಿ. ಬ್ಯಾಟಿಂಗನ್ನೂ ಮೇಲ್ಪದರವನ್ನೂ ಹಾಗೆಯೇ ಕೂರಿಸಿ. ಬಟ್ಟೆಯ ಮೇಲಿನಿಂದ ಬೆರಳಾಡಿಸಿದರೆ ಕಡ್ಡಿ ಕೈಗೆ ಸಿಗುತ್ತದೆ, ನಡು ತಪ್ಪುವುದಿಲ್ಲ. ಮೇಜಿನಗಲ ಪಿನ್ನು ಮಾಡಿ ಮುಗಿಸಿ, ಕ್ಲಿಪ್ಪು ಬಿಚ್ಚಿ, ಪಕ್ಕಕ್ಕೆ ಸರಿಸಿ, ಅಸ್ತರನ್ನು ಮತ್ತೆ ಬಿಗಿ ಮಾಡಿ ಮುಂದಿನ ಭಾಗ. ಇದರಲ್ಲಿ ನೆಲದಷ್ಟೇ ಅಚ್ಚುಕಟ್ಟು ಬರುತ್ತದೆ, ಬೆನ್ನಿಗೆ ಎಷ್ಟೋ ಹಗುರ.

ಹೊಲಿಗೆಯ ಗೆರೆಗಳು

'ಯಾವ ವಿನ್ಯಾಸ ಹೊಲಿಯಲಿ' ಎಂಬ ಪ್ರಶ್ನೆಯಲ್ಲೇ ವರ್ಷಗಟ್ಟಲೆ ನಿಂತ ಕ್ವಿಲ್ಟುಗಳಿವೆ. ನಮ್ಮ ಸಲಹೆ ನೇರವಾಗಿದೆ. ಬಹಳ ದಿನದಿಂದ ನಿಂತದ್ದಕ್ಕೆ ನೇರ ಗೆರೆ ಹೊಲಿಯಿರಿ. ಬಳ್ಳಿ, ಗರಿ, ಸುರುಳಿಗಳನ್ನು ಹೊಸ ಕ್ವಿಲ್ಟಿನ ಮೇಲೆ, ಅದಕ್ಕೂ ಮೊದಲು ತುಂಡು ಬಟ್ಟೆಯ ಮೇಲೆ ಕಲಿಯೋಣ.

60ಕ್ಕೆ 72ರ ಕ್ವಿಲ್ಟಿನಲ್ಲಿ 2 ಇಂಚಿಗೊಂದು ಉದ್ದ ಗೆರೆ ಹೊಲಿದರೆ 30 ಗೆರೆ, 72 ಇಂಚಿನಂತೆ 2160 ಇಂಚು, ಅಂದರೆ 55 ಮೀಟರಿನಷ್ಟು ಹೊಲಿಗೆ. 4 ಇಂಚಿಗೊಂದಾದರೆ ಅದರ ಅರ್ಧ. ನೀವು ಬರೆದಿಟ್ಟ ಬ್ಯಾಟಿಂಗಿನ ಅಂಕಿ ಅನುಮತಿ ಕೊಟ್ಟರೆ 4 ಇಂಚೇ ಸಾಕು, ಹೊದಿಕೆಯೂ ಮೆತ್ತಗಿರುತ್ತದೆ. ಅದು 3 ಅಂದಿದ್ದರೆ 4 ಹೊಲಿಯಬೇಡಿ. ಒಗೆದಂತೆಲ್ಲ ಒಳಗಿನ ಹತ್ತಿ ಸರಿದು ಗಂಟುಗಟ್ಟುತ್ತದೆ. 55 ಮೀಟರಿನ ಹೊಲಿಗೆಗೆ ಎರಡು ಮೂರು ಬಾಬಿನ್ (ಮಷಿನ್ನಿನ ಕೆಳಗಿನ ದಾರದ ಸುರುಳಿ) ದಾರ ಬೇಕಾಗುತ್ತದೆ, ಶುರು ಮಾಡುವ ಮುಂಚೆಯೇ ಸುತ್ತಿಟ್ಟುಕೊಳ್ಳಿ.

ಮೇಲಿನ ಬಟ್ಟೆಯನ್ನೂ ಕೆಳಗಿನದರ ಜೊತೆಗೇ ಸಾಗಿಸುವ ವಾಕಿಂಗ್ ಫುಟ್ ಹಾಕಿ, 90/14 ಅಳತೆಯ ಹೊಸ ಸೂಜಿ, ಹೊಲಿಗೆಯ ಉದ್ದ 3 ಮಿ.ಮೀ. ತುಂಡುಗಳನ್ನು ಜೋಡಿಸುವಾಗಿನ 2 ಮಿ.ಮೀ. ಇಲ್ಲಿ ಬೇಡ, ದಪ್ಪದಲ್ಲಿ ಹೊಲಿಗೆ ಹೂತುಹೋಗಿ ಇನ್ನೂ ಚಿಕ್ಕದಾಗಿ ಕಾಣುತ್ತದೆ. ಅದೇ ಮೂರು ಪದರದ ಒಂದಡಿ ಚೌಕದ ಮೇಲೆ ಮೊದಲು ಪರೀಕ್ಷಿಸಿ. ಹಿಂಬದಿಯಲ್ಲಿ ದಾರದ ಗೂಡು ಕಟ್ಟಿದರೆ ಬಾಬಿನ್ನನ್ನು ಬೈಯಬೇಡಿ, ತಪ್ಪು ಮೇಲಿನ ದಾರದ್ದು. ಪ್ರೆಸರ್ ಫುಟ್ ಕೆಳಗಿಳಿಸಿಕೊಂಡು ದಾರ ಪೋಣಿಸಿದರೆ ದಾರವನ್ನು ಬಿಗಿ ಹಿಡಿಯುವ ಟೆನ್ಷನ್ ಬಿಲ್ಲೆಗಳು ಮುಚ್ಚಿರುತ್ತವೆ, ದಾರ ಅವುಗಳ ನಡುವೆ ಇಳಿಯುವುದೇ ಇಲ್ಲ. ಫುಟ್ ಎತ್ತಿ ಮತ್ತೆ ಪೋಣಿಸಿ. ಬಾಬಿನ್ನಿನ ದಾರ ಮೇಲೆ ಚುಕ್ಕೆಚುಕ್ಕೆಯಾಗಿ ಕಂಡರೆ ಮೇಲಿನ ಟೆನ್ಷನ್ ಹೆಚ್ಚಾಗಿದೆ, ಒಂದು ಅಂಕಿ ಇಳಿಸಿ.

ಮೊದಲ ಗೆರೆ ನಟ್ಟನಡುವೆ ಉದ್ದಕ್ಕೆ, ಎರಡನೆಯದು ನಡುವೆ ಅಡ್ಡಕ್ಕೆ. ಆಮೇಲೆ ಉದ್ದಕ್ಕೆ ಅಡಿಗೊಂದರಂತೆ ಗೆರೆ ಹಾಕಿ ಇಡೀ ಕ್ವಿಲ್ಟನ್ನು ಬಂಧಿಸಿಕೊಂಡು, ನಡುವಿನ ಜಾಗ ತುಂಬಿ. ಪಕ್ಕಪಕ್ಕದ ಗೆರೆಗಳನ್ನು ಒಂದು ಮೇಲಿನಿಂದ, ಇನ್ನೊಂದು ಕೆಳಗಿನಿಂದ ಹೊಲಿದರೆ ಮೇಲ್ಪದರ ಎರಡು ದಿಕ್ಕಿಗೆ ಎಳೆದು ನಡುವೆ ಓರೆ ಸುಕ್ಕುಗಳು ಏಳುತ್ತವೆ. ಎಲ್ಲವನ್ನೂ ಒಂದೇ ತುದಿಯಿಂದ ಶುರು ಮಾಡಿ. ಕ್ವಿಲ್ಟಿನ ಭಾರ ಮೇಜಿನಿಂದ ಜೋತುಬಿದ್ದರೂ ಹೊಲಿಗೆ ಹದ ತಪ್ಪುತ್ತದೆ. ಎಡಕ್ಕೆ ಒಂದು ಮೇಜೋ ಕುರ್ಚಿಯೋ ಇಟ್ಟು ಭಾರವನ್ನು ಎತ್ತರಿಸಿಕೊಳ್ಳಿ. ಪ್ರತಿ ಎರಡು ಮೂರು ಗೆರೆಗೊಮ್ಮೆ ಹಿಂಬದಿಯನ್ನು ಕೈಯಿಂದ ಸವರಿ. ನೆರಿಗೆ ಸಿಕ್ಕರೆ ಇಡೀ ಗೆರೆ ಬಿಚ್ಚಬೇಕಾಗಿಲ್ಲ. ನೆರಿಗೆಯ ಆಚೆಗೊಂದು ಈಚೆಗೊಂದು ಗೇಣು ಬಿಚ್ಚಿ, ಅಸ್ತರನ್ನು ಸರಿಪಡಿಸಿ ಪಿನ್ನು ಮಾಡಿ ಮತ್ತೆ ಹೊಲಿಯಿರಿ.

ಬೈಂಡಿಂಗ್

ದಡ ಕಣ್ಣಿಗೆ ಕಾಣುತ್ತಿರುವಾಗಲೂ ಇಲ್ಲಿ ನಿಂತವು ಕಡಿಮೆಯೇನಲ್ಲ. ಮುಖ್ಯ ಕಾರಣ, ಬೈಂಡಿಂಗಿಗೆ ಎತ್ತಿಡದ ಬಟ್ಟೆ. ಮೇಲ್ಪದರದ ಬಟ್ಟೆ ಇನ್ನೂ ಕೈಯಲ್ಲಿರುವಾಗಲೇ ಪಟ್ಟಿ ಕತ್ತರಿಸಿ, ಜೋಡಿಸಿ, ಉದ್ದಕ್ಕೆ ಎರಡಾಗಿ ಮಡಚಿ ಇಸ್ತ್ರಿ ಮಾಡಿ, ಸುರುಳಿ ಸುತ್ತಿ ಕ್ವಿಲ್ಟಿನ ಜೊತೆಗೇ ಇಡಿ.

ಇಲ್ಲಿನ ಲೆಕ್ಕದಲ್ಲಿ ಎಡವುವ ಜಾಗ ಒಂದಿದೆ. 60ಕ್ಕೆ 72ರ ಸುತ್ತಳತೆ 264 ಇಂಚು, ಮೂಲೆ ಮತ್ತು ಕೊನೆಯ ಜೋಡಣೆಗೆ 12 ಸೇರಿಸಿದರೆ 276. 42 ಇಂಚಿನ ಪಟ್ಟಿಗಳಾದರೆ ಭಾಗಿಸಿದಾಗ ಆರೂವರೆಗಿಂತ ತುಸು ಹೆಚ್ಚು, ಅಂದರೆ ಏಳು ಸಾಕು ಅನ್ನಿಸುತ್ತದೆ. ಆದರೆ 2.5 ಇಂಚಿನ ಪಟ್ಟಿಗಳನ್ನು ಓರೆಯಾಗಿ ಜೋಡಿಸಿದಾಗ ಪ್ರತಿ ಜೋಡಣೆಗೂ 2.5 ಇಂಚು ಉದ್ದ ಹೋಗುತ್ತದೆ. ಏಳು ಪಟ್ಟಿಗೆ ಆರು ಜೋಡಣೆ, 15 ಇಂಚು ನಷ್ಟ. 294ರಲ್ಲಿ 15 ಕಳೆದರೆ 279. ಉಳಿದದ್ದು 3 ಇಂಚು. ಬಟ್ಟೆಯ ಅಗಲ ಒಂದಿಂಚು ಕಡಿಮೆ ಇದ್ದರೆ, ಅಥವಾ ಒಂದು ಜೋಡಣೆ ಸರಿಯಾಗಿ ಮೂಲೆಗೇ ಬಂದು ಅದನ್ನು ತಪ್ಪಿಸಬೇಕಾದರೆ ಸಾಲುವುದಿಲ್ಲ. ಎಂಟು ಪಟ್ಟಿ ಕತ್ತರಿಸಿ, 20 ಇಂಚು ಬಟ್ಟೆ. ಜೋಡಣೆ ಓರೆಯಾಗಿಯೇ ಇರಲಿ. ನೇರವಾಗಿ ಜೋಡಿಸಿದರೆ ಮಡಚಿದಾಗ ದಪ್ಪವೆಲ್ಲ ಒಂದೇ ಕಡೆ ಸೇರಿ ಅಂಚು ಉಬ್ಬುತ್ತದೆ.

ಹೊಲಿಯಲು ಒಂದು ಬದಿಯ ನಡುವೆ ಶುರು ಮಾಡಿ, 8 ಇಂಚು ಬಾಲ ಬಿಡಿ. ಮೂಲೆಗೆ ಕಾಲು ಇಂಚು ಇರುವಾಗ ನಿಲ್ಲಿಸಿ, ಹಿಂದೆಮುಂದೆ ಹೊಲಿದು ದಾರ ಕತ್ತರಿಸಿ. ಪಟ್ಟಿಯನ್ನು ನೇರ ಮೇಲಕ್ಕೆ ಮಡಚಿ, ಮೂಲೆಯಲ್ಲಿ ಓರೆ ಮಡಿಕೆ ಬೀಳಲಿ. ಅದನ್ನು ಬೆರಳಿಂದ ಒತ್ತಿ ಹಿಡಿದು, ಪಟ್ಟಿಯನ್ನು ಕೆಳಕ್ಕೆ ಮಡಚಿ ಮುಂದಿನ ಬದಿಗೆ ಹೊಂದಿಸಿ. ಮೇಲಿನ ಮಡಿಕೆ ಕ್ವಿಲ್ಟಿನ ಅಂಚಿಗೆ ಸಮವಾಗಿರಬೇಕು. ಕಾಲು ಇಂಚಿಗೆ ಬದಲು ಮೂಲೆಯವರೆಗೂ ಹೊಲಿದುಬಿಟ್ಟರೆ ಮಡಿಕೆ ತಿರುಗುವುದಿಲ್ಲ, ಮೂಲೆ ದುಂಡಗಾಗುತ್ತದೆ.

ಕೊನೆಯ ಜೋಡಣೆಯನ್ನು ಹತ್ತಿರದಿಂದ ನೋಡೋಣ, ಹೆಚ್ಚಿನವರು ಹೆದರುವುದು ಇದಕ್ಕೇ. ಶುರು ಮಾಡಿದ ಜಾಗಕ್ಕೆ ಹತ್ತು ಹನ್ನೆರಡು ಇಂಚು ಇರುವಾಗ ನಿಲ್ಲಿಸಿ. ಎರಡು ಬಾಲಗಳನ್ನೂ ಕ್ವಿಲ್ಟಿನ ಅಂಚಿಗೆ ಚಪ್ಪಟೆಯಾಗಿ ಹಾಸಿ, ಒಂದರ ಮೇಲೊಂದು ಸರಿಯಾಗಿ 2.5 ಇಂಚು ಬರುವಂತೆ ಕತ್ತರಿಸಿ. ಪಟ್ಟಿಯ ಅಗಲ ಎಷ್ಟೋ ಅಷ್ಟೇ ಮೇಲುಹಾಸು. ಈಗ ಕ್ವಿಲ್ಟನ್ನು ನಡುವೆ ಮಡಚಿ ಪಿನ್ನು ಮಾಡಿ, ಬಾಲಗಳಿಗೆ ಸಡಿಲು ಸಿಗುತ್ತದೆ. ಎರಡು ಬಾಲಗಳ ಮಡಿಕೆ ಬಿಡಿಸಿ, ಮೇಲ್ಮೈಗಳು ಎದುರುಬದುರಾಗಿ, ಒಂದಕ್ಕೊಂದು ಲಂಬವಾಗಿ ಇಟ್ಟು ಮೂಲೆಯಿಂದ ಮೂಲೆಗೆ ಹೊಲಿಯಿರಿ. ಹೊಲಿಗೆಯಾಚೆ ಮಿಕ್ಕದ್ದನ್ನು ಕತ್ತರಿಸುವ ಮುಂಚೆ ಮಡಚಿ ನೋಡಿ. ಪಟ್ಟಿ ತಿರುಚಿಕೊಂಡಿದ್ದರೆ ಈಗ ಬಿಚ್ಚುವುದು ನಾಲ್ಕಾರು ಹೊಲಿಗೆಯ ಕೆಲಸ, ಕತ್ತರಿಸಿದ ಮೇಲೆ ಹೊಸ ಪಟ್ಟಿಯೇ ಬೇಕು.

ಹಿಂಬದಿಗೆ ತಿರುಗಿಸಿ ಕೈಹೊಲಿಗೆ ಹಾಕುವುದಾದರೆ ನಿಮ್ಮ ವೇಗವನ್ನು ಒಮ್ಮೆ ಅಳೆದುಕೊಳ್ಳಿ. 15 ನಿಮಿಷಕ್ಕೆ 12 ಇಂಚು ಆಗುವುದಾದರೆ 264 ಇಂಚಿಗೆ 22 ಸಲ ಕೂರಬೇಕು, ಐದೂವರೆ ಗಂಟೆ. ಲೆಕ್ಕ ಗೊತ್ತಾದರೆ ಬೆಟ್ಟದಂತೆ ಕಂಡದ್ದು ಸಂಜೆಯ 15 ನಿಮಿಷವಾಗುತ್ತದೆ. ಅಷ್ಟೂ ಬೇಡವೆಂದರೆ ಪಟ್ಟಿಯನ್ನು ಮೊದಲು ಹಿಂಬದಿಗೆ ಹೊಲಿದು, ಮುಂದಕ್ಕೆ ತಿರುಗಿಸಿ ಮಷಿನ್ನಿನಲ್ಲೇ ಮುಗಿಸಿ. ದಿನಬಳಕೆಗೆ, ಮಕ್ಕಳ ಹೊದಿಕೆಗೆ ಇದೇ ಹೆಚ್ಚು ಬಾಳಿಕೆ ಬರುತ್ತದೆ.

ಹೊಸದು ಯಾವಾಗ?

ಹಳೆಯದೆಲ್ಲ ಮುಗಿಯುವವರೆಗೆ ಹೊಸದನ್ನು ಮುಟ್ಟುವುದಿಲ್ಲ ಎಂಬ ಶಪಥವನ್ನು ನಾವು ಒಪ್ಪುವುದಿಲ್ಲ. ಕತ್ತರಿಸುವುದು, ಜೋಡಿಸುವುದು, ಮೂರು ಪದರ ಹೊಲಿಯುವುದು, ಕೂತು ಕೈಹೊಲಿಗೆ ಹಾಕುವುದು ಬೇರೆ ಬೇರೆ ಕೆಲಸಗಳು, ಬೇರೆ ಬೇರೆ ಹೊತ್ತಿಗೆ ಒಗ್ಗುವಂಥವು. ರಾತ್ರಿ ದಣಿದ ಕೈಗೆ ಬೈಂಡಿಂಗ್ ಒಗ್ಗುತ್ತದೆ, ಚಕ್ರದಂಥ ಹರಿತ ಅಲಗಿನ ರೋಟರಿ ಕಟರ್ ಒಗ್ಗುವುದಿಲ್ಲ. ಆದ್ದರಿಂದ ಹಂತಕ್ಕೆ ಒಂದರಂತೆ ಇಟ್ಟುಕೊಳ್ಳಿ: ಜೋಡಿಸುತ್ತಿರುವುದು ಒಂದು, ಮಷಿನ್ನಿನಡಿ ಒಂದು, ಕೈಯಲ್ಲಿ ಬೈಂಡಿಂಗಿಗೆ ಒಂದು. ಬೈಂಡಿಂಗ್ ಮುಗಿದರೆ ಉಳಿದವು ಒಂದೊಂದು ಹೆಜ್ಜೆ ಮುಂದೆ ಸರಿಯುತ್ತವೆ, ಮೊದಲ ಜಾಗ ಖಾಲಿಯಾಗುತ್ತದೆ, ಅಲ್ಲಿಗೆ ಹೊಸದು. ಹೊಸದನ್ನು ಕತ್ತರಿಸುವ ದಿನವೇ ಅದರ ಅಸ್ತರು, ಬೈಂಡಿಂಗಿನ ಬಟ್ಟೆಯನ್ನೂ ಅದೇ ಡಬ್ಬಿಗೆ ಹಾಕಿಬಿಡಿ.

ಕೆಲವನ್ನು ಬಿಟ್ಟುಬಿಡಬಹುದು. ಬಣ್ಣವೇ ಈಗ ಹಿಡಿಸುವುದಿಲ್ಲ, ಕೊಡಬೇಕೆಂದಿದ್ದವರಿಗೆ ಇನ್ನು ಬೇಕಾಗಿಲ್ಲ ಎಂದಾದರೆ ನಾಲ್ಕು ಬ್ಲಾಕನ್ನು ದಿಂಬಿನ ಕವರು ಮಾಡಿ, ಉಳಿದದ್ದನ್ನು ಪ್ರೀತಿಯಿಂದ ಹೊಲಿಯುವ ಇನ್ನೊಬ್ಬರಿಗೆ ಕೊಡಿ. ಮುಗಿಯದ ಹೊಲಿಗೆಗೂ ಬೆಲೆಯಿದೆ. ಕಾಗದದ ಅಚ್ಚಿನ ಮೇಲೆ ಬಟ್ಟೆ ಮಡಚಿ ಹೊಲಿಯುವ ಹಳೆಯ ಕೆಲಸಗಳಲ್ಲಿ, ಮುಗಿಯದೆ ಉಳಿದವುಗಳ ಬೆನ್ನಿಗೆ ಆ ಕಾಗದಗಳು ಇನ್ನೂ ಅಂಟಿಕೊಂಡಿವೆ. ಪತ್ರಗಳು, ಲೆಕ್ಕದ ಹಾಳೆಗಳು, ಸುದ್ದಿಪತ್ರಿಕೆಯ ಚೂರುಗಳು. ಅವುಗಳ ಮೇಲಿನ ಬರಹ ನೋಡಿಯೇ ಕೆಲಸದ ಕಾಲವನ್ನು ಗುರುತಿಸಲು ಸಾಧ್ಯವಾಗಿದೆ. ಮುಗಿಸಿದವರು ಹೆಚ್ಚಾಗಿ ಕಾಗದ ತೆಗೆದುಬಿಟ್ಟಿದ್ದರು.

ಕೊನೆಯದಾಗಿ ಹೆಸರಿನ ಲೇಬಲ್. ಇದನ್ನು ಆಮೇಲೆ ಹಚ್ಚೋಣವೆಂದು ಬಿಟ್ಟರೆ ಹಚ್ಚುವುದೇ ಇಲ್ಲ. 5 ಇಂಚಿನ ಬಟ್ಟೆಯ ಚೌಕವನ್ನು ಓರೆಯಾಗಿ ಮಡಚಿ ಇಸ್ತ್ರಿ ಮಾಡಿ ತ್ರಿಕೋನ ಮಾಡಿಕೊಳ್ಳಿ. ಬೈಂಡಿಂಗ್ ಹೊಲಿಯುವ ಮೊದಲೇ ಅದನ್ನು ಹಿಂಬದಿಯ ಮೂಲೆಗಿಟ್ಟು ಪಿನ್ನು ಮಾಡಿದರೆ ಎರಡು ಬದಿ ಬೈಂಡಿಂಗಿನ ಹೊಲಿಗೆಯಲ್ಲೇ ಸೇರಿಕೊಳ್ಳುತ್ತದೆ, ಓರೆ ಬದಿಗೆ ಮಾತ್ರ ನಾಲ್ಕು ಕೈಹೊಲಿಗೆ. ಒಗೆದರೆ ಹೋಗದ ಪೆನ್ನಿನಲ್ಲಿ ಹೆಸರು, ಬ್ಯಾಟಿಂಗ್ ಯಾವುದು, ಹೇಗೆ ಒಗೆಯಬೇಕು ಎಂದು ಬರೆಯಿರಿ. ಇಸವಿ ಎರಡು ಬರೆಯಿರಿ, ಶುರು ಮಾಡಿದ್ದೂ ಮುಗಿಸಿದ್ದೂ.